ದಂಗೆ ಹೊರಗಿನಿಂದ ಬರುವುದಿಲ್ಲ

ಆಸ್ಟ್ರೇಲಿಯಾದ ಕಾದಂಬರಿಕಾರ ಮ್ಯಾಕ್ಸ್ ಬ್ಯಾರಿ ತಮ್ಮ ‘ಜೆನಿಫರ್ ಗವರ್ನಮೆಂಟ್’ ಕಾದಂಬರಿಗೆ ಪ್ರಚಾರ ಸಿಗಲಿ ಎಂದು 2002ರ ನವೆಂಬರ್‌ನಲ್ಲಿ ‘ನೇಷನ್‌ಸ್ಟೇಟ್ಸ್’ ಎಂಬ ಆಟವನ್ನು ಅಂತರ್ಜಾಲಕ್ಕೆ ಬಿಟ್ಟರು. ಆಡುವವರು ತಮ್ಮದೊಂದು ದೇಶ ಕಟ್ಟಿಕೊಳ್ಳುತ್ತಾರೆ, ಅದಕ್ಕೆ ಹೆಸರು, ಬಾವುಟ, ನಾಣ್ಯ ಇಟ್ಟುಕೊಳ್ಳುತ್ತಾರೆ. ಆಮೇಲೆ ದಿನವೂ ಎದುರಾಗುವ ಆಡಳಿತದ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಹೋಗುತ್ತಾರೆ. ಪ್ರಚಾರದ ಕೆಲಸ ಮುಗಿದು ಎಷ್ಟೋ ಕಾಲವಾಯಿತು, ಆಟ ಎರಡು ದಶಕ ದಾಟಿಯೂ ನಡೆಯುತ್ತಿದೆ. ಅದಕ್ಕೆ ಕಾರಣ ಆ ಪ್ರಶ್ನೋತ್ತರವಲ್ಲ. ಆಟಗಾರರು ತಾವೇ ಸೇರಿ ಸಂವಿಧಾನ ಬರೆದುಕೊಂಡು, ಚುನಾವಣೆ ನಡೆಸಿ, ನ್ಯಾಯಾಲಯ ಕಟ್ಟಿ, ಅಷ್ಟನ್ನೂ ಉಳಿಸಿಕೊಳ್ಳಲು ಪಟ್ಟ ಪಾಡು. ಭದ್ರತೆಗೆ ಎಷ್ಟು ನಿಯಮ ಬೇಕು, ಸ್ವಾತಂತ್ರ್ಯಕ್ಕೆ ಎಷ್ಟು ಜಾಗ ಬಿಡಬೇಕು ಎಂಬ ಜಗಳ ಅಲ್ಲಿ ಮೊದಲ ವರ್ಷದಿಂದಲೇ ನಡೆದಿದೆ. ಆ ಜಗಳದಲ್ಲಿ ಬಹುಮತದ ಅಭಿಪ್ರಾಯವಾಗಿ ಬೇರೂರಿರುವುದು ತಪ್ಪು ಎಂಬುದೇ ಈ ಬರಹದ ವಾದ.

ಆಟದ ಒಳಗುಟ್ಟು ಸ್ವಲ್ಪ ತಿಳಿಯಬೇಕು. ಪ್ರತಿ ದೇಶವೂ ಒಂದಲ್ಲ ಒಂದು ಪ್ರದೇಶದಲ್ಲಿರುತ್ತದೆ. ಇಷ್ಟವಿದ್ದ ದೇಶಗಳು ‘ವರ್ಲ್ಡ್ ಅಸೆಂಬ್ಲಿ’ಯ ಸದಸ್ಯರಾಗಬಹುದು. 2008ರವರೆಗೆ ಅದಕ್ಕೆ ವಿಶ್ವಸಂಸ್ಥೆ ಎಂದೇ ಹೆಸರಿತ್ತು, ನಿಜವಾದ ವಿಶ್ವಸಂಸ್ಥೆ ಆಕ್ಷೇಪಿಸಿದ ಮೇಲೆ ಬದಲಾಯಿತು. ಒಬ್ಬ ಆಟಗಾರ ಎಷ್ಟು ದೇಶಗಳನ್ನು ಬೇಕಾದರೂ ಕಟ್ಟಲಿ, ಅಸೆಂಬ್ಲಿಯಲ್ಲಿ ಅವನ ಒಂದು ದೇಶಕ್ಕೆ ಮಾತ್ರ ಜಾಗ. ಸದಸ್ಯ ದೇಶಗಳು ತಮ್ಮ ಪ್ರದೇಶದ ಬೇರೆ ಸದಸ್ಯರಿಗೆ ‘ಎಂಡೋರ್ಸ್‌ಮೆಂಟ್’ ಕೊಡಬಹುದು. ಒಂದು ಕ್ಲಿಕ್ಕಿನ ಬೆಂಬಲ ಅದು, ಇನ್ನೊಂದು ಕ್ಲಿಕ್ಕಿನಲ್ಲಿ ಹಿಂತೆಗೆದುಕೊಳ್ಳಲೂಬಹುದು. ದಿನಕ್ಕೆ ಎರಡು ಬಾರಿ ‘ಅಪ್‌ಡೇಟ್’ ಆಗುತ್ತದೆ. ಆ ಹೊತ್ತಿಗೆ ಯಾರ ಕೈಯಲ್ಲಿ ಹೆಚ್ಚು ಬೆಂಬಲವಿದೆಯೋ ಅವರೇ ಆ ಪ್ರದೇಶದ ‘ಡೆಲಿಗೇಟ್’.

ಸಾಮಾನ್ಯ ಪ್ರದೇಶಗಳಲ್ಲಿ ಡೆಲಿಗೇಟ್‌ನ ಮೇಲೆ ಸ್ಥಾಪಕ ಇರುತ್ತಾನೆ. ಏನೇ ಎಡವಟ್ಟಾದರೂ ಅವನು ಬಂದು ಸರಿಪಡಿಸಬಲ್ಲ. ಹೊಸ ದೇಶಗಳು ಹುಟ್ಟುವ ಐದು ದೊಡ್ಡ ಪ್ರದೇಶಗಳಿಗೆ, ಅಂದರೆ ಪೆಸಿಫಿಕ್ ಮತ್ತು ಅದರ ನಾಲ್ಕು ದಿಕ್ಕಿನ ಹೆಸರು ಹೊತ್ತ ‘ಫೀಡರ್’ಗಳಿಗೆ, ಸ್ಥಾಪಕನೇ ಇಲ್ಲ. ಅಲ್ಲಿ ಡೆಲಿಗೇಟ್ ಯಾರನ್ನು ಬೇಕಾದರೂ ಗಡಿಪಾರು ಮಾಡಬಹುದು, ಅಧಿಕಾರಿಗಳನ್ನು ನೇಮಿಸಬಹುದು, ವಜಾ ಮಾಡಬಹುದು. ಅವನನ್ನು ತಡೆಯಬೇಕಾದ್ದು ಆಟಗಾರರೇ ಬರೆದುಕೊಂಡ ಸಂವಿಧಾನ. ಆದರೆ ಸರ್ವರ್‌ಗೆ ಸಂವಿಧಾನ ಗೊತ್ತಿಲ್ಲ, ಎಣಿಕೆ ಮಾತ್ರ ಗೊತ್ತು. ಚುನಾವಣೆಯಲ್ಲಿ ಸೋತ ಡೆಲಿಗೇಟ್ ಕುರ್ಚಿ ಬಿಡುವುದಿಲ್ಲ ಎಂದು ಕುಳಿತರೆ, ಬೆಂಬಲದ ಎಣಿಕೆ ಇಳಿಯುವವರೆಗೆ ಅವನು ಕುಳಿತೇ ಇರುತ್ತಾನೆ.

ಎಣಿಕೆಯ ಈ ಬಲ 2003ರಲ್ಲಿ ‘ದಿ ಪೆಸಿಫಿಕ್’ನಲ್ಲಿ ಕಂಡಿತು. ಡೆಲಿಗೇಟ್ ಹಳೆಯ ವ್ಯವಸ್ಥೆಯನ್ನು ಬದಿಗೊತ್ತಿ ‘ನ್ಯೂ ಪೆಸಿಫಿಕ್ ಆರ್ಡರ್’ ಎಂಬ ತನ್ನ ಆಳ್ವಿಕೆಯನ್ನು ಘೋಷಿಸಿದ, ವಿರೋಧಿಗಳನ್ನು ಹೊರಹಾಕಿದ. ಆ ಆಳ್ವಿಕೆ ವರ್ಷಗಟ್ಟಲೆ ಉಳಿಯಿತು. ಅದೇ ಹೊತ್ತಿನಲ್ಲಿ ಪ್ರಜಾಪ್ರಭುತ್ವ ಕಟ್ಟಿಕೊಂಡ ಉತ್ತರದ, ದಕ್ಷಿಣದ ಪ್ರದೇಶಗಳು ಒಂದರ ಮೇಲೊಂದು ಕ್ಷಿಪ್ರಕ್ರಾಂತಿ ಕಂಡವು. ಇದರಿಂದ ಹುಟ್ಟಿದ ಪಾಠ ಈಗ ಆ ವಲಯದಲ್ಲಿ ಪ್ರಶ್ನಾತೀತ ಎಂಬಂತಾಗಿದೆ. ಭದ್ರತೆಯೂ ಸ್ವಾತಂತ್ರ್ಯವೂ ತಕ್ಕಡಿಯ ಎರಡು ತಟ್ಟೆ, ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು. ಪ್ರದೇಶ ಉಳಿದರೆ ತಾನೆ ಪ್ರಜಾಪ್ರಭುತ್ವ? ಆದ್ದರಿಂದ ಮೊದಲು ಭದ್ರತೆ. ಹೊಸಬರನ್ನು ಜರಡಿ ಹಿಡಿಯಬೇಕು, ಯಾರಿಗೂ ಹೆಚ್ಚು ಬೆಂಬಲ ಸೇರದಂತೆ ಮಿತಿ ಹಾಕಬೇಕು, ಅನುಮಾನಾಸ್ಪದರನ್ನು ಕಾರಣ ಬಹಿರಂಗಪಡಿಸದೆ ಹೊರಗಿಡುವ ಅಧಿಕಾರ ಆಯಾ ಪ್ರದೇಶದ ಭದ್ರತಾ ಮಂಡಳಿಗೆ ಇರಬೇಕು. ಹೀಗೆ ಹೇಳುವವರು ಕೆಟ್ಟವರಲ್ಲ. ವರ್ಷಗಟ್ಟಲೆ ರಾತ್ರಿ ನಿದ್ದೆಗೆಟ್ಟು ಪ್ರದೇಶ ಕಾದವರೇ ಹೆಚ್ಚಾಗಿ ಹೀಗೆ ಹೇಳುತ್ತಾರೆ. ಆದ್ದರಿಂದಲೇ ಅವರ ಮಾತಿಗೆ ತೂಕ ಬಂದಿದೆ, ಆದ್ದರಿಂದಲೇ ಅದನ್ನು ಪರೀಕ್ಷಿಸುವವರು ಕಡಿಮೆಯಾಗಿದ್ದಾರೆ.

ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ದಂಗೆಗಳನ್ನು ಮಾಡಿದವರು ಯಾರು?

ಚಿಕ್ಕ ಪ್ರದೇಶಗಳ ಮಾತು ಬೇರೆ. ಹತ್ತಿಪ್ಪತ್ತು ಸದಸ್ಯರಿರುವ, ಸ್ಥಾಪಕ ಆಟ ಬಿಟ್ಟು ಹೋಗಿರುವ ಜಾಗಕ್ಕೆ ‘ರೇಡರ್’ಗಳು ಅಪ್‌ಡೇಟ್‌ಗೆ ಕೆಲವೇ ಕ್ಷಣ ಮುಂಚೆ ಗುಂಪಾಗಿ ನುಗ್ಗಿ ಡೆಲಿಗೇಟ್ ಸ್ಥಾನ ಕಸಿದುಕೊಳ್ಳುತ್ತಾರೆ. ಅಲ್ಲಿ ಶತ್ರು ನಿಜವಾಗಿಯೂ ಹೊರಗಿನವನು. ಫೀಡರ್‌ಗಳಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಡೆಲಿಗೇಟ್‌ಗೆ ನೂರುಗಟ್ಟಲೆ ಬೆಂಬಲವಿರುತ್ತದೆ. ಅಷ್ಟನ್ನು ಮೀರಿಸಲು ಹೊರಗಿನಿಂದ ಅಷ್ಟೇ ಜನ ಒಟ್ಟಿಗೆ ಬರಬೇಕು, ಬಂದವರನ್ನು ಅಪ್‌ಡೇಟ್‌ಗೆ ಮುಂಚೆಯೇ ಹೊರದಬ್ಬಬಹುದು. ಇದರ ಜೊತೆಗೆ 2006ರಲ್ಲಿ ‘ಇನ್‌ಫ್ಲುಯೆನ್ಸ್’ ಎಂಬ ವ್ಯವಸ್ಥೆ ಬಂತು. ಪ್ರದೇಶದಲ್ಲಿ ಹೆಚ್ಚು ಕಾಲ ಇದ್ದಷ್ಟೂ, ಹೆಚ್ಚು ಬೆಂಬಲ ಪಡೆದಷ್ಟೂ ದೇಶದ ಪ್ರಭಾವ ಬೆಳೆಯುತ್ತದೆ. ಒಬ್ಬರನ್ನು ಗಡಿಪಾರು ಮಾಡಬೇಕಾದರೆ ಡೆಲಿಗೇಟ್ ತನ್ನ ಪ್ರಭಾವದಿಂದ ಬೆಲೆ ತೆರಬೇಕು. ಗಡಿಪಾರಾಗುವವನು ಹಳಬನಾದಷ್ಟೂ ಆ ಬೆಲೆ ಹೆಚ್ಚು. ಅಂದರೆ ಫೀಡರ್‌ನಲ್ಲಿ ದಂಗೆ ಎದ್ದು, ಎದ್ದ ಮೇಲೆ ಕುರ್ಚಿಯಲ್ಲಿ ಉಳಿಯಬೇಕಾದರೆ ಎರಡು ಬೇಕು, ರಾಶಿ ಬೆಂಬಲ ಮತ್ತು ವರ್ಷಗಳ ಪ್ರಭಾವ. ಇವೆರಡೂ ಯಾರ ಬಳಿ ಇರುತ್ತವೆ? ಚುನಾಯಿತ ಡೆಲಿಗೇಟ್ ಬಳಿ, ಮಾಜಿ ಡೆಲಿಗೇಟ್‌ಗಳ ಬಳಿ, ಭದ್ರತಾ ಮಂಡಳಿಯ ಹಿರಿಯರ ಬಳಿ. ಫೀಡರ್‌ಗಳ ಇತಿಹಾಸದಲ್ಲಿ ಹೆಸರಾದ ದಂಗೆಗಳನ್ನು ತೆಗೆದು ನೋಡಿದರೆ ಬಹುಪಾಲು ಈ ವರ್ಗದವರದ್ದೇ.  ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತೇವಲ್ಲ, ಅದು ಇಲ್ಲಿ ಆಟದ ಲೆಕ್ಕಾಚಾರದಿಂದಲೇ ಹೊರಡುವ ಫಲಿತಾಂಶ.

ಈಗ ಭದ್ರತೆಯ ಹೆಸರಿನ ನಿಯಮಗಳನ್ನು ನೋಡಿ. ಹಲವು ಪ್ರದೇಶಗಳಲ್ಲಿ ಬೆಂಬಲಕ್ಕೆ ಮಿತಿ ಇದೆ. ಸಾಮಾನ್ಯ ಸದಸ್ಯ ಇಂತಿಷ್ಟಕ್ಕಿಂತ ಹೆಚ್ಚು ಎಂಡೋರ್ಸ್‌ಮೆಂಟ್ ಕೂಡಿಹಾಕಿದರೆ ಎಚ್ಚರಿಕೆ ಬರುತ್ತದೆ, ಕೇಳದಿದ್ದರೆ ಗಡಿಪಾರು. ಭದ್ರತಾ ಮಂಡಳಿಯವರಿಗೆ ಮಾತ್ರ ಆ ಮಿತಿ ಇಲ್ಲ, ಅವರು ಹೆಚ್ಚು ಹೆಚ್ಚು ಕೂಡಿಹಾಕಲಿ ಎಂದೇ ಪ್ರೋತ್ಸಾಹ. ಡೆಲಿಗೇಟ್ ಕೈಕೊಟ್ಟರೆ ಆ ಜಾಗಕ್ಕೆ ಕೂಡಲೇ ಏರಬಲ್ಲವರು ಸಿದ್ಧವಿರಬೇಕು ಎಂಬುದು ಅದರ ತರ್ಕ. ತರ್ಕ ಅರ್ಧ ಸರಿ. ಆದರೆ ಇದರ ಇನ್ನರ್ಧವೇನು? ಕೆಲವೇ ಕೆಲವರನ್ನು ಬಿಟ್ಟು ಉಳಿದ ಎಲ್ಲರ ಕೈಯಲ್ಲೂ ಆಯುಧ ಇಲ್ಲದಂತೆ ಮಾಡಿದೆವು. ಆ ಕೆಲವರು ತಮ್ಮ ತಮ್ಮಲ್ಲೇ ಒಂದಾದ ದಿನ ಅವರನ್ನು ಎದುರಿಸುವ ಶಕ್ತಿ ಪ್ರದೇಶದಲ್ಲಿ ಯಾರಿಗೂ ಉಳಿದಿರುವುದಿಲ್ಲ. ಅಪಾಯವನ್ನು ಕಡಿಮೆ ಮಾಡಿದ್ದೇವೆ ಎಂದುಕೊಂಡವರು ಅದನ್ನು ಒಂದೇ ಕೋಣೆಯಲ್ಲಿ ತುಂಬಿ ಬೀಗದ ಕೈಯನ್ನೂ ಒಳಗಿದ್ದವರಿಗೇ ಕೊಟ್ಟಿರುತ್ತಾರೆ.

ದಂಗೆಯ ದಿನ ನಿಜಕ್ಕೂ ಏನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಡೆಲಿಗೇಟ್ ಸಂವಿಧಾನ ರದ್ದು ಎಂದು ಘೋಷಿಸುತ್ತಾನೆ. ಮುಖಪುಟದ ಪ್ರಕಟಣೆ ಬದಲಾಗುತ್ತದೆ, ಅಧಿಕಾರಿಗಳೆಲ್ಲ ವಜಾ ಆಗುತ್ತಾರೆ, ಎದುರು ಮಾತಾಡುವ ಮೊದಲ ಕೆಲವರು ಗಡಿಪಾರಾಗುತ್ತಾರೆ. ಶಾಸನಸಭೆಯಲ್ಲಿ ಕುಳಿತ ಐವತ್ತು ಅರವತ್ತು ಮಂದಿ ಕೋಪದಿಂದ ಕುದಿಯುತ್ತಾರೆ, ತಕ್ಷಣ ಬೆಂಬಲ ಹಿಂತೆಗೆದುಕೊಳ್ಳುತ್ತಾರೆ. ಆದರೂ ಡೆಲಿಗೇಟ್‌ನ ಎಣಿಕೆ ಅಷ್ಟಾಗಿ ಇಳಿಯುವುದಿಲ್ಲ. ಏಕೆಂದರೆ ಅವನ ಬೆಂಬಲದ ಬಹುಪಾಲು ಸಭೆಯಲ್ಲಿಲ್ಲ. ಎಂದೋ ಒಂದು ದಿನ ಬಂದ ಸಂದೇಶಕ್ಕೆ ಓಗೊಟ್ಟು ಒಮ್ಮೆ ಕ್ಲಿಕ್ ಮಾಡಿ, ಆಮೇಲೆ ತಮ್ಮ ಪಾಡಿಗೆ ತಮ್ಮ ದೇಶ ನಡೆಸಿಕೊಂಡಿರುವ ನೂರಾರು ಮೌನ ಸದಸ್ಯರ ಕೈಯಲ್ಲಿದೆ. ಅವರಿಗೆ ಸಂವಿಧಾನ ಎಲ್ಲಿದೆ ಎಂದೂ ಗೊತ್ತಿಲ್ಲ. ಮುಂದಿನ ದಿನಗಳ ಹೋರಾಟವೆಲ್ಲ ಅವರನ್ನು ಒಬ್ಬೊಬ್ಬರನ್ನಾಗಿ ತಲುಪಿ, ಏನಾಗಿದೆ ಎಂದು ತಿಳಿಸಿ, ಆ ಒಂದು ಕ್ಲಿಕ್ಕನ್ನು ಹಿಂದಕ್ಕೆ ಪಡೆಯಿರಿ ಎಂದು ಕೇಳಿಕೊಳ್ಳುವುದು.

ದಂಗೆಕೋರನನ್ನು ಕುರ್ಚಿಯಲ್ಲಿ ಉಳಿಸುವುದು ಈ ಮೌನ. ಅವನನ್ನು ಇಳಿಸುವುದು ಬೆಂಬಲ ಹಿಂತೆಗೆದುಕೊಳ್ಳಲು ಹೆದರದ, ಪ್ರದೇಶದ ರಾಜಕಾರಣ ತನ್ನದು ಎಂದು ತಿಳಿದ ಸದಸ್ಯ. ಈಗ ಹೇಳಿ, ಪೌರತ್ವಕ್ಕೆ ತಿಂಗಳುಗಟ್ಟಲೆ ಕಾಯಿಸುವ ನಿಯಮ ಆ ಸದಸ್ಯನನ್ನು ಬೆಳೆಸುತ್ತದೆಯೇ? ಸಾರ್ವಜನಿಕ ಚರ್ಚೆಯಲ್ಲಿ ಡೆಲಿಗೇಟ್‌ನನ್ನು ಟೀಕಿಸಿದವರ ಮೇಲೆ ಕಣ್ಣಿಡುವ ಪದ್ಧತಿ ಬೆಳೆಸುತ್ತದೆಯೇ? ಬೆಂಬಲ ಹಿಂತೆಗೆದುಕೊಂಡವನನ್ನೇ ದ್ರೋಹಿ ಎಂದು ಅನುಮಾನಿಸುವ ಕಡೆ, ಅಗತ್ಯ ಬಿದ್ದ ದಿನ ಆ ಕ್ಲಿಕ್ ಮಾಡುವ ಧೈರ್ಯ ಎಲ್ಲಿಂದ ಬರಬೇಕು?

‘ದಿ ನಾರ್ತ್ ಪೆಸಿಫಿಕ್’ ಈ ಪ್ರಶ್ನೆಗೆ ಬೇರೆಯದೇ ಉತ್ತರ ಕೊಟ್ಟಿದೆ. ಆ ಪ್ರದೇಶ ಒಂದಲ್ಲ ಹಲವು ದಂಗೆ ಕಂಡಿದೆ. ಅಷ್ಟಾದರೂ ಅದರ ಹಕ್ಕುಗಳ ಪತ್ರದಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಬರೆದಿಡಲಾಗಿದೆ: ಯಾವ ಅಧಿಕಾರಿಗೂ ಬೆಂಬಲ ಕೊಡಲೇಬೇಕೆಂದು ಯಾರನ್ನೂ ಬಲವಂತಪಡಿಸುವಂತಿಲ್ಲ, ಕೊಡುವುದೂ ಹಿಂತೆಗೆದುಕೊಳ್ಳುವುದೂ ಆಯಾ ದೇಶದ ಸ್ವಂತ ಹಕ್ಕು. ತುರ್ತು ಭದ್ರತೆಯ ಕಾರಣಕ್ಕೆ ಯಾರನ್ನಾದರೂ ಕೂಡಲೇ ಹೊರಹಾಕುವ ಅಧಿಕಾರ ಅಲ್ಲಿಯೂ ಇದೆ. ಆದರೆ ಹೊರಹಾಕಿಸಿಕೊಂಡವನು ತಡವಿಲ್ಲದೆ ನ್ಯಾಯಾಲಯದ ಬಾಗಿಲು ತಟ್ಟಬಹುದು ಎಂದು ಅದೇ ಕಲಮು ಹೇಳುತ್ತದೆ. ಪೌರತ್ವ ಕೇಳಿದವರನ್ನು ಉಪ ಡೆಲಿಗೇಟ್ ಭದ್ರತೆಯ ದೃಷ್ಟಿಯಿಂದ ಪರಿಶೀಲಿಸುತ್ತಾರೆ, ಅನುಮಾನ ಬಂದರೆ ತಿರಸ್ಕರಿಸುತ್ತಾರೆ. ಅಷ್ಟಕ್ಕೇ ಮುಗಿಯುವುದಿಲ್ಲ. ಆ ತಿರಸ್ಕಾರವನ್ನು ಎತ್ತಿಹಿಡಿಯಬೇಕೇ ಬೇಡವೇ ಎಂದು ಪ್ರಾದೇಶಿಕ ಸಭೆ ಚರ್ಚಿಸಿ ಮತ ಹಾಕಬೇಕು. ಕಾವಲುಗಾರ ಅಂಜುಬುರುಕನೋ ಪಕ್ಷಪಾತಿಯೋ ಆಗಿದ್ದರೆ ಅದು ಆ ಮತದಾನದಲ್ಲಿ ಬಯಲಾಗುತ್ತದೆ.

ಇಷ್ಟೆಲ್ಲ ಬಾಗಿಲು ತೆರೆದಿಟ್ಟ ಆ ಪ್ರದೇಶದ ಡೆಲಿಗೇಟ್ ಸಾವಿರಕ್ಕೂ ಮೀರಿದ ಬೆಂಬಲ ಪಡೆದು ಇಡೀ ಆಟದಲ್ಲೇ ಮುಂಚೂಣಿಯಲ್ಲಿ ನಿಂತದ್ದುಂಟು. ನಾಲ್ಕು ತಿಂಗಳಿಗೊಮ್ಮೆ ಚುನಾವಣೆ ನಡೆಯುವ ಕಡೆ ಇಷ್ಟು ಗಟ್ಟಿತನ ಹೇಗೆ ಬಂತು? ಚುನಾವಣೆಗೆ ನಿಂತವರು ಮನೆಮನೆಗೆ ಹೋದಂತೆ ಸದಸ್ಯರ ಬಳಿ ಹೋಗಬೇಕಾಗುತ್ತದೆ, ಗೆದ್ದವರು ಬೆಂಬಲ ಕೇಳಬೇಕಾಗುತ್ತದೆ, ಸೋತವರೂ ಉಳಿದು ಕೆಲಸ ಮಾಡುತ್ತಾರೆ. ಮೌನ ಸದಸ್ಯರ ಸಂಖ್ಯೆ ಕರಗುವುದು ಹೀಗೆ. ಪೆಸಿಫಿಕ್‌ನ ಸರ್ವಾಧಿಕಾರ ವರ್ಷಗಟ್ಟಲೆ ಉಳಿಯಿತು ಎಂದು ಉದಾಹರಿಸುವವರಿಗೆ ನನ್ನ ಉತ್ತರವೂ ಇಲ್ಲೇ ಇದೆ. ಅಲ್ಲಿ ಉಳಿದದ್ದು ದಂಗೆಯಿಂದ ಬಂದ ಆಳ್ವಿಕೆ. ಕಳೆದುಹೋದದ್ದು ಮರಳಿ ಬರಲಿಲ್ಲ ಎಂಬುದನ್ನು ಭದ್ರತೆಯ ಸಾಧನೆ ಎಂದು ಬರೆದುಕೊಳ್ಳಲು ನಾನು ಒಪ್ಪುವುದಿಲ್ಲ.

ಗೋಪ್ಯ ಸಾಕ್ಷ್ಯದ ಪ್ರಶ್ನೆ ಇನ್ನೂ ಕಠಿಣ. ಗೂಢಚಾರರು ಈ ಆಟದಲ್ಲಿ ಕಲ್ಪನೆಯಲ್ಲ. ರೇಡರ್ ಗುಂಪುಗಳು ತಿಂಗಳುಗಟ್ಟಲೆ ಮೊದಲೇ ತಮ್ಮವರನ್ನು ಬೇರೆ ಹೆಸರಿನಲ್ಲಿ ಒಳಗೆ ಬಿಟ್ಟಿರುತ್ತವೆ. ಮುಖ ಕಾಣದ, ಹೆಸರು ತಿಳಿಯದ ಜಾಗದಲ್ಲಿ ಒಬ್ಬನೇ ಮೂವರಂತೆ ನಟಿಸಬಹುದು. ಆದ್ದರಿಂದ ಒಬ್ಬರಿಗೆ ಒಂದೇ ಮತ ಎಂಬುದನ್ನು ಖಚಿತಪಡಿಸಿಕೊಳ್ಳುವ ಪರಿಶೀಲನೆಗೆ ನನ್ನ ತಕರಾರಿಲ್ಲ. ಅದು ಚುನಾವಣೆಯ ಬುನಾದಿ. ತಕರಾರಿರುವುದು, ಯಾರೋ ತೆಗೆದ ಸ್ಕ್ರೀನ್‌ಶಾಟ್ ಒಂದನ್ನು ಮಂಡಳಿಯ ಕೆಲವರು ಮಾತ್ರ ನೋಡಿ, ಆರೋಪಿಗೆ ತೋರಿಸದೆ, ‘ಪ್ರದೇಶಕ್ಕೆ ಬೆದರಿಕೆ’ ಎಂಬ ಪಟ್ಟಿ ಕಟ್ಟಿ ಹೊರಹಾಕುವ ಪದ್ಧತಿಗೆ. ಸ್ಕ್ರೀನ್‌ಶಾಟ್ ತಿದ್ದುವುದು ಹತ್ತು ನಿಮಿಷದ ಕೆಲಸ. ಸಂಭಾಷಣೆಯ ನಡುವಿನ ಎರಡು ಸಾಲು ಕತ್ತರಿಸಿ ತೋರಿಸಿದರೆ ತಮಾಷೆಯೂ ಪಿತೂರಿಯಾಗಿ ಕಾಣುತ್ತದೆ. ಮೂಲ ಬಯಲಾಗುತ್ತದೆ ಎಂಬ ಭಯ ನಿಜವಾದರೆ ಮಾಹಿತಿ ಕೊಟ್ಟವರ ಹೆಸರು ಮುಚ್ಚಿಡಿ, ಆರೋಪದ ಸಾರಾಂಶವನ್ನಾದರೂ ಆರೋಪಿಗೆ ಕೊಡಿ.

ನಮ್ಮ ದೇಶದಲ್ಲೂ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದೆ. ಮಲಯಾಳದ ‘ಮೀಡಿಯಾ ಒನ್’ ವಾಹಿನಿಗೆ ಭದ್ರತೆಯ ಕಾರಣ ಹೇಳಿ ಪರವಾನಗಿ ನವೀಕರಿಸದೆ, ಆ ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ಮಾತ್ರ ಕೊಟ್ಟಾಗ, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ರಾಷ್ಟ್ರೀಯ ಭದ್ರತೆ ಎಂಬ ಮಾತನ್ನು ಆಧಾರವಿಲ್ಲದೆ ಎತ್ತಿ ಪ್ರಜೆಯ ಹಕ್ಕನ್ನು ಕಿತ್ತುಕೊಳ್ಳಲಾಗದು ಎಂಬುದು ಆ ತೀರ್ಪಿನ ತಿರುಳು. ಗಡಿ, ಸೇನೆ, ಭಯೋತ್ಪಾದನೆ ಎಲ್ಲವೂ ಇರುವ ದೇಶವೊಂದರ ನ್ಯಾಯಾಲಯ ಇಷ್ಟು ಹೇಳಬಹುದಾದರೆ, ಎಂಡೋರ್ಸ್‌ಮೆಂಟ್ ಎಣಿಸುವ ಪ್ರದೇಶದ ಮಂಡಳಿಗೆ ಅದಕ್ಕಿಂತ ದೊಡ್ಡ ಗುಟ್ಟು ಯಾಕೆ ಬೇಕು?

ಇನ್ನೊಂದು ಬೆರಕೆ ನಡೆಯುತ್ತಿದೆ, ಅದರ ಬಗ್ಗೆ ಹೇಳದಿರಲಾರೆ. ಕಿರುಕುಳ, ಅಶ್ಲೀಲ ಸಂದೇಶ, ವಯಸ್ಸಿನಲ್ಲಿ ಚಿಕ್ಕವರನ್ನು ಬೆನ್ನುಹತ್ತುವುದು, ಯಾರದೋ ನಿಜವಾದ ಹೆಸರು ವಿಳಾಸ ಹೊರಹಾಕುವುದು, ಇವು ನಿಜವಾದ ಮನುಷ್ಯರಿಗೆ ಆಗುವ ನಿಜವಾದ ಹಾನಿ. ಇವಕ್ಕೆ ಮತದಾನ ಬೇಡ, ದೀರ್ಘ ಚರ್ಚೆ ಬೇಡ. ಆಟದ ನಿರ್ವಾಹಕರು ಅಂದೇ ಹೊರಗೆ ಹಾಕಬೇಕು. ಆದರೆ ಈ ಸುರಕ್ಷತೆಯ ಮಾತನ್ನು ಹಲವೆಡೆ ರಾಜಕೀಯ ಭದ್ರತೆಯ ಕಾನೂನಿನೊಳಗೆ ಸೇರಿಸಿಬಿಟ್ಟಿದ್ದಾರೆ. ಡೆಲಿಗೇಟ್ ವಿರುದ್ಧ ಗುಂಪು ಕಟ್ಟಿದವನೂ ಹುಡುಗಿಯೊಬ್ಬಳಿಗೆ ಕಿರುಕುಳ ಕೊಟ್ಟವನೂ ಒಂದೇ ಪಟ್ಟಿಯಲ್ಲಿ, ಒಂದೇ ಪದದಡಿಯಲ್ಲಿ ನಿಲ್ಲುತ್ತಾರೆ. ಇದರಿಂದ ಎರಡು ಕಡೆಯೂ ನಷ್ಟ. ಭಿನ್ನಮತೀಯನಿಗೆ ಅಂಟಬಾರದ ಕಳಂಕ ಅಂಟುತ್ತದೆ. ಕಿರುಕುಳ ಅನುಭವಿಸಿದವಳ ದೂರು ರಾಜಕೀಯದ ತಂತ್ರ ಎಂಬ ಅನುಮಾನಕ್ಕೆ ಗುರಿಯಾಗುತ್ತದೆ. ಇವೆರಡನ್ನು ಬೇರೆ ಬೇರೆ ಕೈಗಳಿಗೆ, ಬೇರೆ ಬೇರೆ ನಿಯಮಗಳಿಗೆ ಒಪ್ಪಿಸದ ಪ್ರದೇಶ ಯಾರನ್ನೂ ಕಾಪಾಡುವುದಿಲ್ಲ.

ತುರ್ತು ಅಧಿಕಾರವೇ ಬೇಡ ಎಂದು ನಾನು ಹೇಳುತ್ತಿಲ್ಲ. ಅಪ್‌ಡೇಟ್‌ಗೆ ಇಪ್ಪತ್ತು ನಿಮಿಷವಿರುವಾಗ ಸಭೆ ಕರೆದು ಕೂರಲಾಗದು. ಅಧಿಕಾರ ಕೊಡುವಾಗಲೇ ಅದು ಕೊನೆಗೊಳ್ಳುವ ದಿನವನ್ನು ಬರೆಯಬೇಕು ಎನ್ನುವುದಷ್ಟೇ ನನ್ನ ಹಟ. ಇದನ್ನು ನಾವು ದುಬಾರಿ ಬೆಲೆ ತೆತ್ತು ಕಲಿತಿದ್ದೇವೆ. 1975ರಲ್ಲಿ ‘ಆಂತರಿಕ ಕ್ಷೋಭೆ’ ಎಂಬ ಸಡಿಲ ಪದದ ಮೇಲೆ ತುರ್ತು ಪರಿಸ್ಥಿತಿ ಬಂತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಆಸ್ತಮಾದಿಂದ ನರಳುತ್ತ ತಿಂಗಳುಗಟ್ಟಲೆ ಸೆರೆಯಲ್ಲಿದ್ದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಟದಲ್ಲಿ ಗಡಿಪಾರಾಗುವುದನ್ನು ಆ ಸಾವಿನ ಪಕ್ಕ ಇಡುವುದು ತಪ್ಪು, ನಾನು ಇಡುತ್ತಿಲ್ಲ. ಅದರ ನಂತರ ಬಂದ ಕಾನೂನಿನ ತಿದ್ದುಪಡಿಯನ್ನಷ್ಟೇ ತೋರಿಸುತ್ತಿದ್ದೇನೆ. 1978ರ 44ನೇ ತಿದ್ದುಪಡಿ ‘ಆಂತರಿಕ ಕ್ಷೋಭೆ’ಯನ್ನು ತೆಗೆದು ‘ಸಶಸ್ತ್ರ ಬಂಡಾಯ’ ಎಂದು ಬರೆಯಿತು. ಒಂದು ತಿಂಗಳೊಳಗೆ ಸಂಸತ್ತಿನ ಒಪ್ಪಿಗೆ ಬೇಕು, ಆರಾರು ತಿಂಗಳಿಗೊಮ್ಮೆ ಆ ಒಪ್ಪಿಗೆಯನ್ನು ಹೊಸದಾಗಿ ಪಡೆಯಬೇಕು ಎಂದಿತು. ಜೀವದ ಹಕ್ಕನ್ನು ಯಾವ ತುರ್ತಿನಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದಿತು. ಪದ ಬಿಗಿಯಾಗಿರಬೇಕು, ಗಡುವು ಇರಬೇಕು, ಮುಟ್ಟಲಾಗದ ಹಕ್ಕೊಂದು ಇರಬೇಕು. ಆಟದ ಪ್ರದೇಶವೊಂದು ತನ್ನ ಭದ್ರತಾ ಕಾನೂನಿಗೆ ಇವನ್ನು ಅಳವಡಿಸಿಕೊಳ್ಳಲು ಒಂದು ವಾರದ ಚರ್ಚೆ ಸಾಕು.

ಆಟ ಕಟ್ಟಿದವರೇ 2023ರಲ್ಲಿ ಈ ವಾದಕ್ಕೆ ಪುಷ್ಟಿ ಕೊಡುವ ಬದಲಾವಣೆ ತಂದರು. ಸ್ಥಾಪಕನ ರಕ್ಷಣೆ ಬಿಟ್ಟುಕೊಟ್ಟು ‘ಫ್ರಾಂಟಿಯರ್’ ಆಗಲು ಒಪ್ಪಿದ ಪ್ರದೇಶಗಳಲ್ಲೂ ಹೊಸ ದೇಶಗಳು ಹುಟ್ಟುವಂತೆ ಮಾಡಿದರು. ರಕ್ಷಣೆ ಬೇಕೆಂದವರು ‘ಸ್ಟ್ರಾಂಗ್‌ಹೋಲ್ಡ್’ ಆಗಿ ಉಳಿಯಬಹುದು, ಆದರೆ ಹೊಸಬರು ತಾವಾಗಿ ಅಲ್ಲಿ ಹುಟ್ಟುವುದಿಲ್ಲ. ಇದನ್ನು ಸ್ವಾತಂತ್ರ್ಯಕ್ಕೂ ಭದ್ರತೆಗೂ ನಡುವಿನ ವಿನಿಮಯ ಎಂದು ಓದುವವರಿದ್ದಾರೆ. ನನಗೆ ಕಾಣುವುದು ಇನ್ನೊಂದು. ಬಾಗಿಲು ತೆರೆದವರಿಗೆ ಜನ ಬರುತ್ತಾರೆ. ಜನ ಬಂದರೆ ಎಂಡೋರ್ಸ್‌ಮೆಂಟ್ ಬರುತ್ತದೆ. ಸ್ಥಾಪಕನಿಲ್ಲದ ಕಡೆ ಪ್ರದೇಶವನ್ನು ಉಳಿಸುವುದು ಆ ಎಂಡೋರ್ಸ್‌ಮೆಂಟೇ ಹೊರತು ಬೇರೇನಲ್ಲ. ಸ್ಥಾಪಕನನ್ನು ನೆಚ್ಚಿದ ಪ್ರದೇಶದ ಭದ್ರತೆಯೋ ಒಬ್ಬ ವ್ಯಕ್ತಿಯ ಆಸಕ್ತಿಯ ಮೇಲೆ ನಿಂತಿದೆ.

ಇದೆಲ್ಲ ಆಟ ತಾನೆ, ಇಷ್ಟೊಂದು ತಲೆಕೆಡಿಸಿಕೊಳ್ಳಬೇಕೇ ಎನ್ನುವವರು ಕೊನೆಗೆ ಬಂದೇ ಬರುತ್ತಾರೆ. ಆಡುವವರಲ್ಲಿ ಓದುವ ವಯಸ್ಸಿನವರು ಬಹಳ. ಮಸೂದೆಯೊಂದರ ಕಲಮು ಕಲಮನ್ನೂ ಓದಿ ವಾದಿಸುವುದನ್ನು, ಸೋತ ಮೇಲೆ ಗೆದ್ದವನಿಗೆ ಅಧಿಕಾರ ಬಿಟ್ಟುಕೊಡುವುದನ್ನು, ನ್ಯಾಯಾಧೀಶನಾಗಿ ಗೆಳೆಯನ ವಿರುದ್ಧ ತೀರ್ಪು ಕೊಡುವುದನ್ನು ಎಷ್ಟೋ ಮಂದಿ ಮೊದಲ ಬಾರಿಗೆ ಮಾಡುವುದು ಇಲ್ಲಿ. ಭದ್ರತೆ ಎಂದ ಕೂಡಲೇ ಪ್ರಶ್ನೆ ಕೇಳುವುದನ್ನು ನಿಲ್ಲಿಸಬೇಕು ಎಂಬುದನ್ನೂ ಅವರು ಇಲ್ಲೇ ಕಲಿಯಬಹುದು, ಕಲಿತದ್ದನ್ನು ಮತಗಟ್ಟೆಗೂ ಒಯ್ಯಬಹುದು. ಆದ್ದರಿಂದ ಇಂಥ ಪ್ರದೇಶವೊಂದರಲ್ಲಿ ನೀವೂ ಸದಸ್ಯರಾಗಿದ್ದರೆ ನನ್ನ ಕೋರಿಕೆ ಇಷ್ಟು. ಮುಂದಿನ ಬಾರಿ ಭದ್ರತೆಯ ಮಸೂದೆ ಮತಕ್ಕೆ ಬಂದಾಗ, ಈ ಅಧಿಕಾರ ಯಾವ ದಿನ ಕೊನೆಯಾಗುತ್ತದೆ ಎಂದೂ, ಇದನ್ನು ಪಡೆದವನೇ ತಿರುಗಿಬಿದ್ದರೆ ತಡೆಯುವವರು ಯಾರು ಎಂದೂ ಸಭೆಯಲ್ಲಿ ಎದ್ದು ಕೇಳಿ. ಉತ್ತರ ಮಸೂದೆಯೊಳಗೆ ಬರೆದಿಲ್ಲವಾದರೆ ವಿರುದ್ಧ ಮತ ಹಾಕಿ.